ಎಷ್ಟು ಚುಕ್ಕಿಯ ಮಾನಿಟರು

ಚಿನ್ನೂ, ಪುಟ್ಟಾ,

ಹೋದ ಭಾನುವಾರ ಆಟ ಮುಗಿದ ಮೇಲೆ ನೀವಿಬ್ಬರೂ ಒಟ್ಟಿಗೆ ಕೇಳಿದಿರಿ, ಇದ್ದಕ್ಕಿದ್ದ ಹಾಗೆ ಅಜ್ಜಿಗೆ ಅಷ್ಟು ದೂರದ್ದು ಹೇಗೆ ಕಾಣಿಸಿತು ಎಂದು. "ಸುಮ್ನೆ ಕಾಣುಸ್ತು ಕಣ್ರಪ್ಪ" ಎಂದು ಹಾಲು ಕರೆಯಲು ಎದ್ದುಹೋದೆ. ಅದು ಸುಳ್ಳು. ಸುಮ್ಮನೆ ಕಾಣಿಸಲಿಲ್ಲ. ಎದುರಿಗೆ ಕೂತು ನನ್ನ ವಿಷಯ ನಾನೇ ಹೇಳಿಕೊಳ್ಳುವುದು ಎಂದರೆ ನನಗೆ ಮೊದಲಿನಿಂದಲೂ ನಾಲಿಗೆ ಏಳುವುದಿಲ್ಲ. ಬರೆಯುವುದಾದರೆ ಪರವಾಗಿಲ್ಲ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಒಂದಿಷ್ಟು ಬರೆಯುತ್ತೇನೆ. ಮುಂದೆ ನಿಮ್ಮ ಮಕ್ಕಳು ಓದಿದರೆ ಅವರಿಗೂ ತಿಳಿಯಬೇಕಲ್ಲ. ನಿಮ್ಮ ಅಮ್ಮನಿಗೆ ನಾಗಮಂಗಲದ ಆಸ್ಪತ್ರೆಗೆ ವರ್ಗವಾಗುವವರೆಗೆ ನೀವು ಹೊಸಹೊಳಲಿನಲ್ಲಿ ನಮ್ಮ ಜೊತೆಗೇ ಇದ್ದಿರಿ. ನಾನು, ನಿಮ್ಮ ತಾತನ ತಮ್ಮ, ಅವರ ಹೆಂಡತಿ, ನೀವು ಚಿಕ್ಕತಾತ, ಚಿಕ್ಕಜ್ಜಿ ಎನ್ನುತ್ತೀರಲ್ಲ ಅವರು, ಎಲ್ಲ ಒಂದೇ ಮನೆ. ಹೋಗುವಾಗ ಹಳೆಯ ಕಂಪ್ಯೂಟರನ್ನು ನನ್ನ ಕೋಣೆಯಲ್ಲೇ ಬಿಟ್ಟು, ಆಟ ಕಲಿಸಿ, ಕಿವಿಗೆ ಹೆಡ್‌ಫೋನು ಹಾಕಿ ಹೋದಿರಿ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನೀವು ಅಲ್ಲಿ, ನಾನು ಇಲ್ಲಿ.

ಫೋನಿನಲ್ಲಿ ನಾನು ಹೇಗೆ ಮಾತನಾಡುತ್ತೇನೆ ಎಂಬುದು ನಿಮಗೆ ಗೊತ್ತು. ಊಟ ಆಯ್ತಾ, ಆಯ್ತು, ಸರಿ, ಇಡ್ಲಾ. ಅಷ್ಟೇ. ಆದರೆ ಆಟದಲ್ಲಿ ಕೈಗೆ ಕೆಲಸ ಇರುತ್ತದೆ. ಮರ ಕಡಿಯುತ್ತಲೋ ಕಲ್ಲು ಹೊರುತ್ತಲೋ ಇದ್ದಾಗ ಮಾತು ತಾನಾಗಿ ಬರುತ್ತದೆ. ಒಟ್ಟಿಗೆ ನಾಟಿ ಮಾಡುವಾಗ ಹೆಂಗಸರು ಮಾತನಾಡುವುದಿಲ್ಲವೇ, ಹಾಗೆ. ಚಿನ್ನು ಪರೀಕ್ಷೆಯಲ್ಲಿ ಲೆಕ್ಕದ ಪತ್ರಿಕೆ ಕೆಟ್ಟದ್ದನ್ನು ಮೊದಲು ನನಗೇ ಹೇಳಿದ್ದು, ದ್ವೀಪದ ಗೋಡೆಗೆ ಕಲ್ಲು ಜೋಡಿಸುತ್ತಾ. ನಿಮ್ಮ ತಾತ ತೀರಿಕೊಂಡ ದಿನದ ಬಗ್ಗೆ ನಾನು ಮೊದಲ ಸಲ ಬಾಯಿ ಬಿಟ್ಟದ್ದೂ ಅಲ್ಲೇ.

ಆಟ ಇಷ್ಟು. ನಮ್ಮ ಮೂವರಿಗೆ ಒಂದು ದ್ವೀಪ, ಅದರಲ್ಲಿ ಒಂದು ಕೋಟೆ, ಒಂದು ಕಣಜ. ಬಿಳಿ ಹಾಯಿಯ ದೋಣಿ ಬಂದರೆ ವ್ಯಾಪಾರದವರು, ಬಾಗಿಲು ತೆಗೆಯಬೇಕು. ಹಳದಿ ಹಾಯಿಯ ದೋಣಿ ಬಂದರೆ ದರೋಡೆಯವರು. ಗೋಪುರದ ಮೇಲಿರುವವರು ದೂರದಿಂದಲೇ ಗುರುತು ಹಿಡಿದು ಕಹಳೆ ಊದಿದರೆ ಕೋಟೆ ಬಾಗಿಲು ಮುಚ್ಚುತ್ತದೆ. ತಡವಾದರೆ ಕಣಜ ಸುಟ್ಟುಹೋಗುತ್ತದೆ. ದರೋಡೆಯವರು ಕಂಪ್ಯೂಟರಿನವರಲ್ಲ, ನಿಜವಾದ ಮನುಷ್ಯರು. ನಮ್ಮ ಮೇಲೆ ಯಾವಾಗಲೂ ಬೀಳುತ್ತಿದ್ದವರು ಪಾಂಡವಪುರದ ಮೂವರು, ಪುಟ್ಟನಿಗೆ ಬೇಸಿಗೆ ಶಿಬಿರದಲ್ಲಿ ಸಿಕ್ಕಿದ ಗೆಳೆಯರು. ನಮಗೆ ಅವರು ಇಟ್ಟ ಹೆಸರು ಅಜ್ಜಿ ಟೀಮು.

ನೀವು ಚಿಕ್ಕವರೆಂದೋ ನಾನು ದೊಡ್ಡವಳೆಂದೋ, ಗೋಪುರವನ್ನು ಮೊದಲು ನನಗೇ ಕೊಟ್ಟಿದ್ದಿರಿ. ಅಲ್ಲಿ ನಾನು ಮಾಡಿದ ಅನಾಹುತ ನೆನಪಿದೆಯಾ? ದೀಪಾವಳಿ ಕಳೆದ ಮೊದಲ ಭಾನುವಾರ ಉಪ್ಪು, ಕಬ್ಬಿಣ ತುಂಬಿಕೊಂಡು ಬಂದ ಬಿಳಿ ಹಾಯಿಯವರಿಗೆ ಕಹಳೆ ಊದಿ ಓಡಿಸಿದೆ. ಅದರ ಮುಂದಿನ ವಾರ ಹಳದಿ ಹಾಯಿಯನ್ನು ಬಿಳಿ ಎಂದುಕೊಂಡು ಸುಮ್ಮನಿದ್ದೆ. ನಾವು ಎಷ್ಟೋ ವಾರಗಳಿಂದ ತುಂಬಿಸಿದ ಕಣಜ ನನ್ನ ಕಣ್ಣೆದುರಿಗೇ ಉರಿಯಿತು. ಪಾಂಡವಪುರದವರು ಕೇಕೆ ಹಾಕಿದರು.

ಆಗ ಪುಟ್ಟ ಹೇಳಿದ್ದು: "ಅಜ್ಜಿ, ಇನ್ಮೇಲೆ ನೀನು ಕೆಳಗೇ ಇದ್ದು ಕೋಳಿ ನೋಡ್ಕೊ. ಗೋಪುರಕ್ಕೆ ನಾನ್ ಹೋಗ್ತೀನಿ."

ಅದಕ್ಕೆ ನನಗೆ ಬೇಸರವಾಗಲಿಲ್ಲ. ಕೋಳಿ ಸಾಕಿ ನನಗೆ ಅಭ್ಯಾಸವಿದೆ. ಬೇಸರವಾದದ್ದು ಆಮೇಲೆ. ಚಿನ್ನು ಮೈಕು ಆರಿಸುವುದನ್ನು ಮರೆತು ತಮ್ಮನಿಗೆ ಹೇಳಿದಳು: "ಪಾಪ ಕಣೋ, ಅಜ್ಜಿಗೆ ಕಣ್ಣು ಕಾಣ್ಸಲ್ಲ. ಸಂಕ್ರಾಂತಿ ಗಂಟ ಆಡ್ಸಣ. ಆಮೇಲೆ ಫೋನಲ್ಲೇ ಮಾತಾಡ್ಸಿದ್ರಾಯ್ತು ಬುಡು."

ಚಿನ್ನೂ, ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಕಷ್ಟ ಕೊಡಬಾರದು ಎಂದೇ ಹೇಳಿದೆ. ಆದರೆ ಫೋನು ಎಂದರೆ ಊಟ ಆಯ್ತಾ, ಆಯ್ತು, ಇಡ್ಲಾ. ನಮ್ಮ ಮೂವರ ಮಾತು ಸಂಕ್ರಾಂತಿಗೆ ಮುಗಿಯಿತು ಎಂದು ನನಗೆ ಅರ್ಥವಾಯಿತು. ಅದು ಮುಗಿಯಬಾರದು ಎಂದು ಅಲ್ಲೇ, ಕೋಳಿಗೂಡಿನ ಮುಂದೆ ನಿಂತು ತೀರ್ಮಾನ ಮಾಡಿದೆ.

ಮೊದಲು ಆಯುಧಪೂಜೆಯಲ್ಲಿ ಮಾನಿಟರಿಗೆ ಹಚ್ಚಿದ್ದ ಗಂಧ, ಕುಂಕುಮದ ಮೇಲೆ ಅನುಮಾನ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಪರದೆ ಹೊಳೆಯಿತು, ದೋಣಿ ಹಾಗೇ ಮಸುಕು. ಆಮೇಲೆ ಕೆ.ಆರ್. ಪೇಟೆಗೆ ಹೋಗಿ ಕಣ್ಣು ತೋರಿಸಿದೆ. ಡಾಕ್ಟರಮ್ಮ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿಸಿದರು.

"ಪೊರೆ ಆಪರೇಷನ್ ಆದ್ಮೇಲೆ ನಿಮ್ಮ ಕಣ್ಣು ತುಂಬ ಚೆನ್ನಾಗದೆ ಕಣಮ್ಮ. ಯಾವ ಕೆಲ್ಸ ಮಾಡೋವಾಗ ಮಂಜು ಅನ್ಸೋದು?"

ದೋಣಿ ಕಾಯುವಾಗ ಎಂದು ಹೇಳಲು ನಾಚಿಕೆಯಾಯಿತು. "ಹೂ ಕಟ್ಟುವಾಗ" ಎಂದೆ. ಹೂ ಕಟ್ಟುವುದಕ್ಕೆ ಕಣ್ಣೇ ಬೇಡ ಎಂಬುದು ಅವರಿಗೆ ಗೊತ್ತಿರಲಿಲ್ಲವೋ ಏನೋ, ಬರೆದುಕೊಂಡರು.

ತಪ್ಪು ಕಣ್ಣಿನದ್ದಲ್ಲ ಎಂದಾಯಿತು. ಬಸ್‌ಸ್ಟ್ಯಾಂಡಿನ ಕಡೆ ಬರುತ್ತಾ ಕಂಪ್ಯೂಟರ್ ಅಂಗಡಿಯೊಂದು ಸಿಕ್ಕಿತು. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಎಳನೀರಿನವನ ಹತ್ತಿರ ಒಂದು ಎಳನೀರು ಕೊಚ್ಚಿಸಿಕೊಂಡು ಅಂಗಡಿ ಬಾಗಿಲ ಪಕ್ಕ ನಿಂತು ನಿಧಾನಕ್ಕೆ ಕುಡಿದೆ. ಒಳಗೆ ಅಂಗಡಿಯವರು ಯಾರಿಗೋ ವಿವರಿಸುತ್ತಿದ್ದರು.

"ಚಿತ್ರ ಅಂದ್ರೆ ಬರೀ ಚುಕ್ಕಿ ಸಾರ್. ನಿಮ್ಮ ಹಳೇ ಹತ್ತೊಂಬತ್ತು ಇಂಚಿಂದ್ರಲ್ಲಿ ಅಡ್ಡಕ್ಕೆ ಸಾವಿರದ ಮುನ್ನೂರು ಚಿಲ್ರೆ ಚುಕ್ಕಿ. ಇದ್ರಲ್ಲಿ ಮೂರು ಸಾವಿರದ ಎಂಟ್ನೂರು ಮೇಲವೆ. ಫೋರ್‌ಕೆ ಅಂತಾರೆ. ದೂರದ್ದು ಹತ್ರದ್ದು ಎಲ್ಲಾ ನೀಟು."

ನನ್ನದೂ ಹತ್ತೊಂಬತ್ತು ಇಂಚಿನದೇ. ಮನೆಗೆ ಬಂದು, ನಿಮ್ಮ ತಾತ ಪಹಣಿಯ ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಪೆಟ್ಟಿಗೆಯಿಂದ ತೆಗೆದು ಪರದೆಗೆ ಹಿಡಿದೆ. ಆ ಮನುಷ್ಯ ಹೇಳಿದ್ದು ನಿಜ. ಕೆಂಪು, ಹಸಿರು, ನೀಲಿ, ಸಾಲು ಸಾಲು ಚುಕ್ಕಿ. ದೂರದ ದೋಣಿ ಬಂದಾಗ ಕನ್ನಡಿಯಲ್ಲಿ ಅದರ ಹಾಯಿಯನ್ನೇ ನೋಡಿದೆ. ನಾಲ್ಕೈದು ಚುಕ್ಕಿಯೊಳಗೆ ಹಾಯಿ, ಕಂಬ, ಸಮುದ್ರ ಎಲ್ಲ ಕಲಸಿಹೋಗಿತ್ತು. ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ಗೋಪುರದ ಮೇಲೆ ಹದ್ದನ್ನು ತಂದು ಕೂರಿಸಿದ್ದರೂ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಅಷ್ಟು ತಿಳಿದ ಮೇಲೆ ನನಗೆ ಎಷ್ಟು ಹಗುರವಾಯಿತು ಎಂದರೆ, ಆ ದಿನ ರಾಗಿಮುದ್ದೆ ಒಂದರ ಬದಲು ಎರಡು ಉಂಡೆ.

ಊಟಕ್ಕೆ ಕೂತಾಗ ಹೊಸ ಮಾನಿಟರಿನ ಮಾತು ತೆಗೆದೆ. ನಿಮ್ಮ ಚಿಕ್ಕತಾತ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ನೋಡಿದರು.

"ಅಲ್ಲ ಅತ್ಗೆ, ದೊಡ್ಡ ಟೀವಿ ತಗಂಡ್ರೆ ಧಾರಾವಾಹಿನಾದ್ರೂ ನೋಡ್ಬೋದು. ದೋಣಿ ನೋಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ? ನಾಲೆ ಏರಿ ಮ್ಯಾಲೆ ಓಗಿ ಕುಂತ್ಕಳಿ. ನೀರು ಪುಕ್ಸಟ್ಟೆ, ಗಾಳಿನೂ ಪುಕ್ಸಟ್ಟೆ."

ಚಿಕ್ಕಜ್ಜಿ ಸಾರು ಬಡಿಸುತ್ತಾ, "ನೀವು ಇಸ್ಪೀಟ್ ಎಲೆ ಇಡ್ಕಳಕ್ಕೆ ಸಂತೆಬಾಚಳ್ಳಿ ಗಂಟ ಓಗ್ತೀರಿ. ಅಕ್ಕ ಮನೇಲೇ ಕುಂತು ಆಡದ್ಕೆ ನಿಮಗೇನ್ ನೋವು?" ಎಂದಳು.

"ನಾನೇನು ಬ್ಯಾಡ ಅಂದ್ನಾ? ತಗಳದಾದ್ರೆ ದೊಡ್ಡದೇ ತಗಳಿ. ನಮ್ಮನೆ ಮರ್ವಾದೆ ಪ್ರಶ್ನೆ" ಎಂದರು ಅವರು. ಆಮೇಲೆ ಸಾರಿನ ಕಡೆ ಗಮನ ಕೊಟ್ಟರು.

ನನಗೂ ದೊಡ್ಡದೇ ಮನಸ್ಸಿಗೆ ಬಂದಿತ್ತು. ಚುಕ್ಕಿ ಹೆಚ್ಚಾದಷ್ಟೂ ಒಳ್ಳೆಯದು, ಅದರಲ್ಲಿ ಯೋಚಿಸುವುದೇನಿದೆ ಎಂದುಕೊಂಡೆ. ಸಂಕ್ರಾಂತಿಯ ಒಳಗೆ ಹೋಗಿ ಆ ಮೂರು ಸಾವಿರದ ಎಂಟುನೂರರದ್ದನ್ನೇ ತರುವುದು ಎಂದು ಮನಸ್ಸು ಗಟ್ಟಿ ಮಾಡಿದೆ.

ಅಷ್ಟರಲ್ಲಿ ಧನುರ್ಮಾಸ ಬಂತು. ಬೆಳಗಿನ ಜಾವ ಬಾಗಿಲಿಗೆ ಸಾರಿಸಿ ನಾನು ಇಡುವುದು ಇಪ್ಪತ್ತೊಂದು ಚುಕ್ಕಿಯ ರಂಗೋಲಿ. ಡೈರಿಗೆ ಹಾಲು ಹಾಕುವವರು ಕ್ಯಾನು ಹಿಡಿದು ನಮ್ಮ ಬಾಗಿಲ ಮುಂದೆಯೇ ಹಾಯುವುದು. ಅವರು ಬರುವ ಹೊತ್ತಿಗೆ ಎಳೆ ಎಳೆದು ಮುಗಿದಿರಬೇಕು. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ತಲೆಯಲ್ಲಿ ಮಾನಿಟರೇ ತುಂಬಿಕೊಂಡಿತ್ತಲ್ಲ, ಅವತ್ತು ಒಂದು ಹುಚ್ಚು ಹತ್ತಿತು. ಅದೇ ಜಾಗದಲ್ಲಿ ಚುಕ್ಕಿಗಳನ್ನು ಒತ್ತೊತ್ತಾಗಿ ನಲವತ್ತೊಂದು ಇಟ್ಟು ನೋಡೋಣ, ಎಷ್ಟು ನಯವಾಗಿ ಬರುತ್ತದೆ ಎಂದು ಕೂತೆ.

ಚುಕ್ಕಿ ಇಟ್ಟು ಮುಗಿಯುವಷ್ಟರಲ್ಲೇ ಕೋಳಿ ಕೂಗಿ ಆಗಿತ್ತು. ಅಡ್ಡಕ್ಕೂ ಎರಡರಷ್ಟು, ಉದ್ದಕ್ಕೂ ಎರಡರಷ್ಟು ಎಂದರೆ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟು ಎಂಬುದು ಸೊಂಟ ಹಿಡಿದುಕೊಂಡ ಮೇಲೆ ಹೊಳೆಯಿತು. ಎಳೆ ಎಳೆಯುತ್ತಾ ಹೋದೆ. ಒಂದು ಮೂಲೆ ಮುಗಿಯಿತು. ಕಣ್ಣು ಕುಕ್ಕುವ ಹಾಗೆ ಚೆನ್ನಾಗಿತ್ತು. ಅಷ್ಟರಲ್ಲಿ ಹಾಲಿನವರು ಬಂದರು. ಮುಕ್ಕಾಲು ಪಾಲು ಬರೀ ಚುಕ್ಕಿ, ಅದರ ಮೇಲೆ ಎಲ್ಲರ ಚಪ್ಪಲಿ ಗುರುತು.

ಚಿಕ್ಕಜ್ಜಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಏನಕ್ಕ ಇದು, ಇವತ್ತು ಚುಕ್ಕಿ, ನಾಳೆಕೆ ಎಳೆನಾ?"

ಅಲ್ಲೇ ನೆಲದ ಮೇಲೆ ಕೂತಿದ್ದೆ. ನನಗೆ ಗೊತ್ತಾಗಿಬಿಟ್ಟಿತ್ತು. ಮಾನಿಟರು ಬರೀ ಅಂಗಳ. ಚುಕ್ಕಿಗೆ ಜಾಗ ಕೊಡುತ್ತದೆ ಅಷ್ಟೇ. ಎಳೆ ಎಳೆಯುವುದು ಮೇಜಿನ ಕೆಳಗಿರುವ ಕಂಪ್ಯೂಟರಿನ ಹಳೆಯ ಡಬ್ಬ. ನನಗಾದರೆ ದಿನಕ್ಕೆ ಒಂದು ರಂಗೋಲಿ. ಅದಕ್ಕೆ ದೋಣಿ ಒಂದಿಷ್ಟು ಅಲುಗಿದರೂ ಮೊದಲಿನದನ್ನು ಅಳಿಸಿ, ಇಡೀ ಅಂಗಳವನ್ನು ಮತ್ತೆ ತುಂಬಬೇಕು, ಕಣ್ಣು ಮಿಟುಕಿಸುವುದರೊಳಗೆ. ಅದರ ಕೈಗೆ ಎಷ್ಟು ಚುಕ್ಕಿ ನಿಲುಕುತ್ತದೆ ಎಂಬುದನ್ನು ಕೇಳದೆ ಅಂಗಳ ಕೊಂಡುಕೊಳ್ಳಲು ಹೊರಟಿದ್ದೆನಲ್ಲ.

ಮಾರನೆಯ ದಿನ ಡಬ್ಬದ ತಂತಿಗಳನ್ನು ಬಿಚ್ಚಿದೆ. ಯಾವುದು ಎಲ್ಲಿಗೆ ಎಂದು ನೆನಪಿರಲಿ ಎಂದು ಒಂದೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿ, ಡಬ್ಬವನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತೆ. ಸಂತೆಯಲ್ಲಿ ಮುಚ್ಚಳ ಕೊಳ್ಳಬೇಕಾದರೆ ಪಾತ್ರೆಯನ್ನು ಜೊತೆಗೆ ತೆಗೆದುಕೊಂಡು ಹೋಗುವವರು ನಾವು. ಗೇಣಿನಲ್ಲಿ ಅಳೆದು ತಂದ ಮುಚ್ಚಳ ಯಾವತ್ತೂ ಕೂತಿಲ್ಲ.

ಆಟೋದವನು ತಿರುಗಿ ನೋಡಿದ. "ಏನವ್ವ ಅದು, ಅಷ್ಟ್ ದೊಡ್ಡ್ ಕುಕ್ಕರು?"

"ಊಂ" ಎಂದೆ.

ಅಂಗಡಿಯ ಮುಂದೆ ಈ ಸಲ ಎಳನೀರು ಕುಡಿಯಲಿಲ್ಲ. ಕೈಯಲ್ಲಿ ಭಾರ ಇದ್ದದ್ದರಿಂದ ನಿಲ್ಲಲು ಆಗಲಿಲ್ಲ, ಒಳಗೆ ಹೋಗಿಬಿಟ್ಟೆ. ಅಂಗಡಿಯವರು ಎದ್ದು ಬಂದು ಡಬ್ಬವನ್ನು ಇಳಿಸಿಕೊಂಡರು.

"ರಿಪೇರಿನಾ ಅಮ್ಮ?"

"ಅಲ್ಲ. ಮಾನಿಟರು ಬೇಕಿತ್ತು."

"ಮೊಮ್ಮಕ್ಕಳಿಗಾ?"

ಹೌದು ಎಂದಿದ್ದರೆ ಸುಲಭವಾಗಿ ಮುಗಿಯುತ್ತಿತ್ತು. ಹೌದು ಎನ್ನುವುದು ನನ್ನ ಬಾಯಿಗೆ ಬಂದೂ ಇತ್ತು. "ನಂಗೆ" ಎಂದೆ. "ಆಟ ಆಡಕ್ಕೆ."

ಅವರು ನಗಲಿಲ್ಲ, ಅದು ಅವರ ದೊಡ್ಡತನ. ನೇರವಾಗಿ ಆ ದೊಡ್ಡ ಮಾನಿಟರಿನ ಹತ್ತಿರ ಕರೆದುಕೊಂಡು ಹೋದರು. "ತಗಂಡ್ರೆ ಇದೇ ತಗಳಿ ಅಮ್ಮ. ಹತ್ತು ವರ್ಷ ತಿರುಗಿ ನೋಡಂಗಿಲ್ಲ."

"ಚುಕ್ಕಿ ಜಾಸ್ತಿ ಅವೆ, ಗೊತ್ತು. ಅಷ್ಟನ್ನೂ ಈ ಡಬ್ಬ ತುಂಬುಸ್ತದಾ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ತುಂಬುಸ್ತದೆ ಬುಡಿ."

"ಹಾಕಿ ತೋರ್ಸಿ. ಅದ್ಕೇ ಒತ್ಕೊಂಡ್ ಬಂದಿವ್ನಿ."

ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಇನ್ನೊಬ್ಬರ ಅಂಗಡಿಯಲ್ಲಿ ಕೇಳಿದ್ದು ಅದೇ ಮೊದಲು. ದಾರ ಕಟ್ಟಿದ ತಂತಿಗಳನ್ನು ನೋಡಿ ಅವರೇ ಖುಷಿಯಾಗಿ ಎಲ್ಲವನ್ನೂ ಜೋಡಿಸಿದರು. ಸ್ಟೂಲಿನ ಮೇಲೆ ಕೂತು, ಸೆರಗು ಸಿಕ್ಕಿಸಿಕೊಂಡು, ಆಟ ತೆರೆದು ಗೋಪುರ ಹತ್ತಿದೆ. ಸಮುದ್ರ ಕಂಡಿತು. ಚಿನ್ನೂ, ಏನು ಹೇಳಲಿ, ನೀರಿನ ಮೇಲಿನ ಒಂದೊಂದು ಸುಕ್ಕೂ ಕಂಡಿತು. ಅಕ್ಷರಗಳು ಮಾತ್ರ ಸಾಸಿವೆಯಷ್ಟು ಆಗಿದ್ದವು. ಅವನ್ನು ದೊಡ್ಡದು ಮಾಡಬಹುದು ಎಂದು ಅವರು ಮಾಡಿ ತೋರಿಸಿದರು. ಆಮೇಲೆ ದೋಣಿ ಬಂತು. ಬಂತು ಎಂದರೆ ಬರಲಿಲ್ಲ, ನೆಗೆಯಿತು. ಇಲ್ಲಿ ಇದ್ದದ್ದು ಒಂದು ಕ್ಷಣ ನಿಂತು ಅಲ್ಲಿಗೆ ಹಾರಿತು, ಮತ್ತೆ ನಿಂತಿತು. ಕಹಳೆ ಒತ್ತಿದರೆ ನಾನು ಕೈ ತೆಗೆದ ಮೇಲೆ ಊದಿತು. ಡಬ್ಬದ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು.

"ಎಳೆ ಎಳ್ಯಕ್ಕೆ ಆಯ್ತಾ ಇಲ್ಲ ಪಾಪ ಅದ್ಕೆ" ಎಂದೆ.

ಅಂಗಡಿಯವರು ತಲೆ ಕೆರೆದುಕೊಂಡರು. "ಒಳಗಿರೋ ಕಾರ್ಡು ಬದಲಾಯ್ಸುದ್ರೆ ಇದೂ ಓಡ್ತದೆ ಅಮ್ಮ."

"ನಂಗೆ ಹಾಯಿ ಬಣ್ಣ ಗೊತ್ತಾದ್ರೆ ಸಾಕು. ಇದ್ಕೂ ಹಳೇದ್ಕೂ ನಡುವಿಂದು ಇಲ್ವಾ?"

ಇತ್ತು. ಇಪ್ಪತ್ತೇಳು ಇಂಚು, ಅಡ್ಡಕ್ಕೆ ಎರಡು ಸಾವಿರದ ಐನೂರು ಚಿಲ್ಲರೆ ಚುಕ್ಕಿ. ಅದನ್ನು ಜೋಡಿಸಿದಾಗ ಫ್ಯಾನು ಒಂದಿಷ್ಟು ಗುಂಯ್ ಎಂದು ಸುಮ್ಮನಾಯಿತು. ದೋಣಿ ಎಣ್ಣೆಯ ಮೇಲೆ ಜಾರಿದ ಹಾಗೆ ಬಂತು. ಅದು ಬಂಡೆಯ ಆಚೆ ಇರುವಾಗಲೇ ಹೇಳಿದೆ, ಬಿಳಿ ಎಂದು. ಹತ್ತಿರ ಬಂತು, ಬಿಳಿಯೇ. ಇನ್ನೊಂದು, ಹಳದಿ. ಹಳದಿಯೇ. ಹೀಗೆ ಒಂಬತ್ತು ದೋಣಿ ಹೇಳಿದೆ, ಒಂಬತ್ತೂ ಸರಿ. ಹಿಂದೆ ಯಾರೋ ಉಸಿರು ಬಿಟ್ಟರು. ತಿರುಗಿದರೆ ಇಬ್ಬರು ಕಾಲೇಜು ಹುಡುಗಿಯರು ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು.

"ಅಜ್ಜಿ, ನಿಮ್ದು ಯಾವ ಲೆವೆಲ್ಲು?"

"ನಲವತ್ಮೂರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ದಿನ್ನೂ ಹದಿನೇಳು ಕಣಜ್ಜಿ."

ಮುಖ ಬಿಸಿಯಾಯಿತು. ಆದರೆ ಎದ್ದು ಹೋಗಬೇಕು ಎನ್ನಿಸಲಿಲ್ಲ. ಇನ್ನೂ ಎರಡು ದೋಣಿ ನೋಡಿಯೇ ಎದ್ದೆ. ಅಂಗಡಿಯವರು ಮಾನಿಟರನ್ನು ಪೆಟ್ಟಿಗೆಗೆ ಹಾಕುತ್ತಾ, "ಅಂಗಳ, ಎಳೆ, ಇದು ಚೆನ್ನಾಗದೆ ಅಮ್ಮ. ಇನ್ಮೇಲೆ ಗಿರಾಕಿಗಳಿಗೆ ನಾನೂ ಇಂಗೇ ಹೇಳ್ತೀನಿ" ಎಂದರು. ಬರುವಾಗ ಆಟೋದಲ್ಲಿ ನನಗಿಂತ ಹೆಚ್ಚು ಜಾಗ ಪೆಟ್ಟಿಗೆಗೆ ಬೇಕಾಯಿತು.

ಉಳಿದದ್ದು ನಿಮಗೆ ಗೊತ್ತು, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ.

ಭಾನುವಾರ ಮೂರಕ್ಕೆ ನೀವು ಬಂದಾಗ ನಾನು ಆಗಲೇ ಗೋಪುರದ ಮೇಲೆ ನಿಂತಿದ್ದೆ. ಪುಟ್ಟ ಕೂಗಿಕೊಂಡ. "ಅಜ್ಜಿ, ಕೆಳಗಿಳಿ. ಇವತ್ತು ಅವ್ರು ಬಂದೇ ಬತ್ತಾರೆ."

"ಬರ್ಲಿ" ಎಂದೆ.

ಚಿನ್ನು ಮೆಲ್ಲಗೆ, "ಇರ್ಲಿ ಬುಡೋ, ಇದೊಂದ್ಸಲ" ಎಂದಳು. ಅದೊಂದೇ ಸಲ ಎಂದು ನನಗೂ ಗೊತ್ತಿತ್ತು. ಸಂಕ್ರಾಂತಿ ಆ ವಾರವೇ ಇತ್ತು. ಇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಂಪ್ಯೂಟರಿನ ಇಲಿ.

ಮೊದಲು ಬಿಳಿ ಹಾಯಿ ಒಂದು ಬಂತು. ಬಾಗಿಲು ತೆಗೆಯಬಹುದು ಎಂದೆ. ನೀವು ತೆಗೆದಿರಿ, ಉಪ್ಪು ಇಳಿಯಿತು. ಎರಡನೆಯದೂ ಬಿಳಿಯೇ. ನಿಧಾನವಾಗಿ ಬರುತ್ತಿತ್ತು. ಪುಟ್ಟ ಬಾಗಿಲ ಹತ್ತಿರ ಕೈ ಇಟ್ಟುಕೊಂಡು, "ತೆಗೀಲಾ ಅಜ್ಜಿ?" ಎಂದ.

"ತಡಿ" ಎಂದೆ.

"ಬಿಳಿ ಅಲ್ವಾ?"

ಬಿಳಿಯೇ. ಆದರೆ ಆ ಒಂದು ಹಾಯಿಯ ಹಿಂದೆ ಎರಡು ಕಂಬ ಇದ್ದವು. ಕೂದಲಿನಷ್ಟು ತೆಳುವಾದ ಎರಡನೆಯ ಕಂಬ, ದೋಣಿ ಅಲೆಯ ಮೇಲೆ ಏರಿದಾಗ ಕಂಡು, ಇಳಿದಾಗ ಮರೆಯಾಗುತ್ತಿತ್ತು. ಹಾಯಿ ಇಳಿಸಿಕೊಂಡು, ವ್ಯಾಪಾರದವರ ಬೆನ್ನಿಗೆ ಅಂಟಿಕೊಂಡು ಯಾರೋ ಬರುತ್ತಿದ್ದರು. ಹಳೆಯ ಪರದೆಯಲ್ಲಾಗಿದ್ದರೆ ಆ ಕಂಬಕ್ಕೆ ಒಂದು ಚುಕ್ಕಿಯ ಜಾಗವೂ ಇರುತ್ತಿರಲಿಲ್ಲ. ಕಹಳೆ ಊದಿದೆ. ನೀವಿಬ್ಬರೂ ಒಟ್ಟಿಗೆ "ಅಜ್ಜೀ" ಎಂದು ನರಳಿದಿರಿ. ಬಾಗಿಲು ಮುಚ್ಚಿತು. ಆ ದೋಣಿ ಗಲಿಬಿಲಿಯಾಗಿ ಅಡ್ಡ ತಿರುಗಿತು, ಅದರ ಹಿಂದಿನಿಂದ ಹಳದಿ ಹಾಯಿ ಏರಿತು. ನಮ್ಮ ಗೋಡೆಯ ಬುಡಕ್ಕೇ ಬಂದುಬಿಟ್ಟಿದ್ದರು. ಆಮೇಲೆ ನೀವು ಮೇಲಿನಿಂದ ಕಲ್ಲು ಉರುಳಿಸಿದ್ದನ್ನು ನಾನು ಬರೆಯುವುದು ಬೇಡ, ಅದನ್ನು ನೀವೇ ಚೆನ್ನಾಗಿ ಹೇಳುತ್ತೀರಿ. ದೋಣಿ ಮುಳುಗಿತು. ಪಾಂಡವಪುರದವರ ಸಾಮಾನೆಲ್ಲ ನಮ್ಮ ದಡಕ್ಕೆ ತೇಲಿ ಬಂತು.

ಆಟ ಮುಗಿದು ಎರಡೂ ಕಡೆಯವರ ಮಾತು ಎಲ್ಲರಿಗೂ ಕೇಳುವಾಗ, ಅವರಲ್ಲೊಬ್ಬ ಕೇಳಿದ. "ಯಾರ್ಲಾ ಅದು ಗೋಪುರದ ಮೇಲಿದ್ದದ್ದು? ಹೊಸಬ್ರನ್ನ ಸೇರುಸ್ಕಂಡಿದ್ದೀರಾ?"

ಪುಟ್ಟ ಹೇಳಿದ, "ನಮ್ಮಜ್ಜಿ ಕಣ್ಲಾ."

ಆಮೇಲೆ ಆ ಹುಡುಗ ಬಹಳ ಮರ್ಯಾದೆಯಿಂದ, "ನಮಸ್ಕಾರ ಅಜ್ಜಿ" ಎಂದ. ನಾನೂ ನಮಸ್ಕಾರ ಹೇಳಿ, ಊಟ ಆಯ್ತಾ ಎಂದು ಕೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದಾದ ಮೇಲೆ ಸಂಕ್ರಾಂತಿ ಕಳೆಯಿತು, ಫೋನಿನ ಮಾತನ್ನು ಯಾರೂ ಎತ್ತಲಿಲ್ಲ. ಎಳ್ಳುಬೆಲ್ಲ ಕಳಿಸಿದ್ದಕ್ಕೆ ಚಿನ್ನು ವಾಪಸು ಕಳಿಸಿದ ಮೆಸೇಜಿನಲ್ಲಿ ಇದ್ದದ್ದು ಒಂದೇ ಸಾಲು: ಭಾನುವಾರ ಮೂರಕ್ಕೆ ಗೋಪುರಕ್ಕೆ ಬಾ ಅಜ್ಜಿ, ನೀನಿಲ್ಲದೆ ಬಾಗಿಲು ತೆಗೆಯಲ್ಲ.

ಈಗ ನಿಮಗೆ ಎಲ್ಲ ಗೊತ್ತಾಯಿತು. ಇದನ್ನು ನಾನು ಬಾಯಲ್ಲಿ ಮತ್ತೆ ಹೇಳುವವಳಲ್ಲ, ಕೇಳಬೇಡಿ. ಎಂಟು ಹಾಳೆ ಆಗಿದೆ. ಕಂಪ್ಯೂಟರಿನಲ್ಲಿ ಹಾಕಿ ಮೂಲವನ್ನು ಎಸೆಯಬೇಡಿ. ನಿಮ್ಮ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ಒಂದು ಬೇವಿನ ಎಸಳು ಇಟ್ಟು ಮಡಿಸಿಡಿ, ಹುಳ ಹಿಡಿಯದ ಹಾಗೆ.